ಕಬ್ಬಿಣದ ಬಟ್ಟಲು, ಬಿಳಿ ಕೈಗವಸು

ಪ್ರಶ್ನೆ: ನಾನು ಎಂಬಿಎ ಓದುತ್ತಿದ್ದೇನೆ. ಸಮಾಜವಾದಿ ಚೀನಾಕ್ಕೆ ಅಮೆರಿಕ, ಯುರೋಪಿನ ಕಂಪನಿಗಳು ಬಂದಾಗ ಸಂಸ್ಕೃತಿಗಳ ನಡುವೆ ದೊಡ್ಡ ತಿಕ್ಕಾಟ ನಡೆಯಿತು ಅಂತ ಪಠ್ಯದಲ್ಲಿದೆ. ಕನ್ಫ್ಯೂಷಿಯಸ್, ಮುಖ ಉಳಿಸಿಕೊಳ್ಳುವುದು, ‘ಗ್ವಾನ್‌ಶಿ’ ಎಂಬ ಪರಿಚಯದ ಬಲ ಅಂತ ಮೂರು ಪುಟದಲ್ಲಿ ಕಾರಣ ಹೇಳಿ ಮುಗಿಸಿದ್ದಾರೆ. ನಿಜವಾಗಿ ತಿಕ್ಕಾಟ ಯಾವುದರ ಬಗ್ಗೆ? ಕೊನೆಗೆ ಗೆದ್ದವರು ಯಾರು? (ಒಬ್ಬ ಓದುಗ, ಶಿವಮೊಗ್ಗ)

ಉತ್ತರ: ನಿಮ್ಮ ಪುಸ್ತಕದ ಮೂರು ಪುಟ ಪೂರ್ತಿ ಸುಳ್ಳಲ್ಲ. ಅದನ್ನು ಓದಿದರೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು ಅಂತ ಗೊತ್ತಾಗುತ್ತದೆ. ಆದರೆ ಜಗಳ ಯಾಕಾಯಿತು ಅಂತ ಗೊತ್ತಾಗುವುದಿಲ್ಲ. 1980ರ ದಶಕದಲ್ಲಿ ಚೀನಾಕ್ಕೆ ಹೋದ ವಿದೇಶಿ ಮ್ಯಾನೇಜರುಗಳು ತಮಗೆ ಅರ್ಥವಾಗದ್ದಕ್ಕೆಲ್ಲ ‘ಚೀನೀ ಸಂಸ್ಕೃತಿ’ ಅಂತ ಹೆಸರಿಟ್ಟರು. ಅದರಲ್ಲಿ ಮುಕ್ಕಾಲು ಪಾಲು ಸಾವಿರಾರು ವರ್ಷದ್ದಲ್ಲ, ಮೂವತ್ತು ವರ್ಷದ್ದು. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರ ನಂತರ ಕಟ್ಟಿದ ವ್ಯವಸ್ಥೆಯದ್ದು. ಕನ್ಫ್ಯೂಷಿಯಸ್‌ಗೂ ಅದಕ್ಕೂ ಸಂಬಂಧ ಕಡಿಮೆ.

ಆ ವ್ಯವಸ್ಥೆಯ ಹೆಸರು ‘ದಾನ್‌ವೇ’. ಪದದ ಅರ್ಥ ಸುಮ್ನೆ ‘ಘಟಕ’ ಅಂತ. ನೀವು ಕೆಲಸ ಮಾಡುವ ಕಾರ್ಖಾನೆಯೋ ಕಚೇರಿಯೋ ನಿಮ್ಮ ದಾನ್‌ವೇ. ಮನೆ ಅದು ಕೊಟ್ಟದ್ದು. ಮಗುವಿನ ಶಿಶುವಿಹಾರ, ಆಸ್ಪತ್ರೆ, ಕ್ಯಾಂಟೀನು, ಸ್ನಾನದ ಮನೆ, ಪಿಂಚಣಿ ಎಲ್ಲವೂ ಅದರದ್ದೇ. ಮದುವೆ ನೋಂದಣಿಗೆ ದಾನ್‌ವೇಯಿಂದ ಪತ್ರ ತರಬೇಕಿತ್ತು. ಆ ನಿಯಮ ಹೋದದ್ದು 2003ರಲ್ಲಿ. ಅಪ್ಪ ನಿವೃತ್ತನಾದರೆ ಮಗನೋ ಮಗಳೋ ಅದೇ ಕಾರ್ಖಾನೆಗೆ ಸೇರಬಹುದಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸು ನಿಮಗೆ ಹತ್ತಿರವೇ ಅಲ್ವಾ? ಅದನ್ನು ಇಡೀ ದೇಶದ ಪಟ್ಟಣಗಳಿಗೆಲ್ಲ ಹಬ್ಬಿಸಿ, ರಾಜೀನಾಮೆ ಕೊಡುವ ಬಾಗಿಲನ್ನೂ ಹೆಚ್ಚುಕಡಿಮೆ ಮುಚ್ಚಿಬಿಟ್ಟರೆ ಹೇಗಿರುತ್ತದೋ ಹಾಗೆ. ಇದಕ್ಕೆ ಜನ ಇಟ್ಟ ಹೆಸರು ‘ಥಿಯೆ ಫಾನ್ ವಾನ್’, ಕಬ್ಬಿಣದ ಅನ್ನದ ಬಟ್ಟಲು. ಪಿಂಗಾಣಿ ಬಟ್ಟಲು ಕೈ ಜಾರಿದರೆ ಒಡೆಯುತ್ತದೆ, ಇದು ಒಡೆಯುವುದಿಲ್ಲ. ಯಾರು ಎಷ್ಟು ದುಡಿದರೂ ಒಂದೇ ಸಂಬಳ ಅನ್ನುವುದಕ್ಕೆ ‘ದೊಡ್ಡ ಕಡಾಯಿಯ ಊಟ’ ಅಂತ ಬೇರೆ ಹೆಸರಿತ್ತು.

ಹಾಗಾಗಿ ತಿಕ್ಕಾಟ ಇದ್ದದ್ದು ಒಂದು ಪ್ರಶ್ನೆಯ ಸುತ್ತ. ಕಾರ್ಖಾನೆ ನನಗೆ ಏನು ಕೊಡಬೇಕು? ದಾನ್‌ವೇ ಒಳಗೆ ಬೆಳೆದವನ ಉತ್ತರ ‘ಬದುಕು’. ಹೊರಗಿನಿಂದ ಬಂದ ಕಂಪನಿಯ ಉತ್ತರ ‘ಸಂಬಳ’. ಉಳಿದ ಜಗಳಗಳೆಲ್ಲ ಇದರ ಮಕ್ಕಳು, ಮೊಮ್ಮಕ್ಕಳು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜಗಳ ಶುರು ಮಾಡಿದ್ದು ಪಾಶ್ಚಾತ್ಯರಲ್ಲ. 1979ರಲ್ಲಿ ಶೆನ್‌ಝೆನ್‌ನ ಶೆಕೌನಲ್ಲಿ ಬಂದರು ಕಟ್ಟುತ್ತಿದ್ದರು. ಮಣ್ಣು ಸಾಗಿಸುವ ಚಾಲಕರು ದಿನಕ್ಕೆ ಇಪ್ಪತ್ತು ಮೂವತ್ತು ಲೋಡು ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಅಲ್ಲಿನ ಮುಖ್ಯಸ್ಥ ಯುವಾನ್ ಗೆಂಗ್ ಹಳೆಯ ಕಮ್ಯುನಿಸ್ಟ್ ಹೋರಾಟಗಾರ. ಅವರ ಯೋಜನೆಯಲ್ಲಿ ಒಂದು ಲೆಕ್ಕ ಜಾರಿಗೆ ಬಂತು: ದಿನಕ್ಕೆ 55 ಲೋಡು, ಅದರ ಮೇಲೆ ಹೊಡೆದ ಪ್ರತಿ ಲೋಡಿಗೆ 4 ಫೆನ್ ಬೋನಸ್. ನೂರು ಫೆನ್ ಸೇರಿದರೆ ಒಂದು ಯುವಾನ್. ಅಂದರೆ ಪುಡಿಗಾಸು. ಆ ಪುಡಿಗಾಸಿಗೆ ಚಾಲಕರು 80-90 ಲೋಡು ಹೊಡೆದರು. ಒಬ್ಬ 131ಕ್ಕೆ ಮುಟ್ಟಿದ.

ಆಮೇಲೇನಾಯಿತು? 1980ರ ಏಪ್ರಿಲ್‌ನಲ್ಲಿ ಮೇಲಿನಿಂದ ಆದೇಶ ಬಂತು, ಬೋನಸ್ ನಿಲ್ಲಿಸಿ ಅಂತ. ಲೋಡು ಮತ್ತೆ ಮೊದಲಿನ ಮಟ್ಟಕ್ಕೆ ಬಿತ್ತು. ವಿಷಯ ಪಕ್ಷದ ತುದಿಯವರೆಗೆ ಹೋಯಿತು. ಜುಲೈ ಕೊನೆಯಲ್ಲಿ ಪಕ್ಷದ ಉನ್ನತ ನಾಯಕ ಹು ಯಾವೊಬಾಂಗ್ ಟಿಪ್ಪಣಿ ಬರೆದ ಮೇಲೆ ಬೋನಸ್ ವಾಪಸ್ಸು ಬಂತು. ಲಾರಿ ಲೋಡಿಗೆ 4 ಫೆನ್ ಕೊಡಬೇಕೋ ಬೇಡವೋ ಅಂತ ಒಂದು ದೇಶದ ಉನ್ನತ ನಾಯಕರು ತೀರ್ಮಾನಿಸಬೇಕಾಯಿತು ಅಂದರೆ ಆ ಪ್ರಶ್ನೆ ಎಷ್ಟು ಆಳದ್ದು ಅಂತ ನೋಡಿ. ಅಲ್ಲಿ ಒಬ್ಬ ಅಮೆರಿಕದವನೂ ಇರಲಿಲ್ಲ.

ಶೆಕೌನಲ್ಲಿ ಯುವಾನ್ ಗೆಂಗ್ ಒಂದು ಬೋರ್ಡು ಹಾಕಿಸಿದರು: ‘ಕಾಲವೇ ಹಣ, ದಕ್ಷತೆಯೇ ಜೀವ’. ಇದು ಬಂಡವಾಳಗಾರರ ಮಾತು ಅಂತ ಗಲಾಟೆಯೋ ಗಲಾಟೆ. 1984ರ ಅಕ್ಟೋಬರ್ 1ರಂದು ಅದೇ ಘೋಷಣೆ ಹೊತ್ತ ಸ್ತಬ್ಧಚಿತ್ರ ಬೀಜಿಂಗ್‌ನ ತ್ಯಾನನ್‌ಮೆನ್ ಮುಂದೆ ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಸಾಗಿತು.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಕಥೆ ಇದೇ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ವುಹಾನ್‌ನಲ್ಲಿ ಒಂದು ಡೀಸೆಲ್ ಎಂಜಿನ್ ಕಾರ್ಖಾನೆ. ಸರ್ಕಾರದ್ದು. ಸಣ್ಣ ಡೀಸೆಲ್ ಎಂಜಿನ್ ಮಾಡುತ್ತಿದ್ದರು. ಅದಕ್ಕೆ ಮುಖ್ಯಸ್ಥರಾಗಿ ಜರ್ಮನಿಯ ನಿವೃತ್ತ ಎಂಜಿನಿಯರ್ ವೆರ್ನರ್ ಗೆರಿಶ್ ಅವರನ್ನು ವುಹಾನ್ ನಗರಾಡಳಿತ ನೇಮಿಸಿತು. ವಯಸ್ಸು 65. ಚೀನೀ ಭಾಷೆ ಬಾರದು, ಪಕ್ಕದಲ್ಲಿ ದುಭಾಷಿ. 1949ರ ನಂತರ ಚೀನಾದ ಸರ್ಕಾರಿ ಕಾರ್ಖಾನೆಯೊಂದಕ್ಕೆ ವಿದೇಶಿಯೊಬ್ಬ ಮುಖ್ಯಸ್ಥನಾದದ್ದು ಅದೇ ಮೊದಲು. ಊರಿಗೆಲ್ಲ ಅವರು ‘ವಿದೇಶಿ ಕಾರ್ಖಾನೆ ಸಾಹೇಬ’.

ಈ ಮನುಷ್ಯನ ಹತ್ತಿರ ಸದಾ ಮೂರು ಸಾಮಾನು ಇರುತ್ತಿದ್ದವು. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತದ ಕಡ್ಡಿ, ಒಂದು ಜೊತೆ ಬಿಳಿ ಕೈಗವಸು. ಕ್ಯಾಲಿಪರ್ ಅಳತೆಗೆ. ಅಯಸ್ಕಾಂತವನ್ನು ಸಿಲಿಂಡರ್ ಒಳಗೆ ಆಡಿಸಿದರೆ ಕಬ್ಬಿಣದ ಚೂರು ಅಂಟಿಕೊಂಡು ಬರುತ್ತಿತ್ತು. ಕೈಗವಸು ಹಾಕಿಕೊಂಡು ಯಂತ್ರ ಸವರಿದರೆ ಬೆರಳು ಕಪ್ಪು. ಸಿದ್ಧವಾದ ಒಂದು ಎಂಜಿನ್ ಒಳಗೆ 5,600 ಮಿಲಿಗ್ರಾಂ ಕಸ ಸಿಗುತ್ತಿತ್ತು: ಎರಕದ ಮರಳು, ಲೋಹದ ಪುಡಿ. ಐದೂವರೆ ಗ್ರಾಂಗೂ ಜಾಸ್ತಿ. ಓಡುವ ಎಂಜಿನ್‌ಗೆ ಮರಳು ಅಂದರೆ ಏನು ಅಂತ ಟಿಲ್ಲರ್ ಓಡಿಸಿದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಗೆರಿಶ್ ಅದನ್ನು 100 ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರು.

ಇಳಿಸುವ ದಾರಿಯಲ್ಲಿ ಅವರು ಮಾಡಿದ್ದು ಆ ಊರು ಕಂಡು ಕೇಳದ ಕೆಲಸ. ಮುಖ್ಯ ಎಂಜಿನಿಯರನ್ನೂ ಗುಣಮಟ್ಟ ತಪಾಸಣೆಯ ಮುಖ್ಯಸ್ಥನನ್ನೂ ಹುದ್ದೆಯಿಂದ ಇಳಿಸಿದರು. ನಮಗೆ ಇದು ಸಾಮಾನ್ಯ ಅನ್ನಿಸುತ್ತದೆ. ಕೆಲಸ ಸರಿಯಿಲ್ಲ, ತೆಗೆದರು. ಅಲ್ಲಿ ಹಾಗಲ್ಲ. ಅಲ್ಲಿ ಅಧಿಕಾರಿಯೊಬ್ಬ ಕೆಳಗಿಳಿಯಬೇಕಾದರೆ ರಾಜಕೀಯ ತಪ್ಪು ಮಾಡಿರಬೇಕು. ಎಂಜಿನ್ ಕೊಳಕಾಗಿದೆ ಅನ್ನೋದು ಒಂದು ಕಾರಣವಾ? ಒಂದೇ ಅಂಗಳದಲ್ಲಿ ವಾಸ, ಒಂದೇ ಕ್ಯಾಂಟೀನು. ಇವತ್ತು ಬೈದವನ ಹೆಂಡತಿಯ ಜೊತೆ ನಾಳೆ ನನ್ನ ಹೆಂಡತಿ ನೀರು ಹಿಡಿಯಬೇಕು. ಅಂಥ ಕಡೆ ಯಾರೂ ಯಾರನ್ನೂ ಗಟ್ಟಿಯಾಗಿ ತಪ್ಪು ಅನ್ನುವುದಿಲ್ಲ. ನಿಮ್ಮ ಪುಸ್ತಕ ಇದನ್ನೇ ‘ಮುಖ ಉಳಿಸಿಕೊಳ್ಳುವುದು’ ಅಂತ ಕರೆಯುತ್ತದೆ. ನಾನು ಇದನ್ನು ಬಾಡಿಗೆಯಿಲ್ಲದ ಮನೆಯ ಪರಿಣಾಮ ಅಂತ ಕರೆಯುತ್ತೇನೆ. ಜೀವಮಾನವಿಡೀ ಅಕ್ಕಪಕ್ಕದಲ್ಲೇ ಇರಬೇಕಾದವರು ಜಗಳ ತಪ್ಪಿಸಿಕೊಳ್ಳುತ್ತಾರೆ. ಅದಕ್ಕೆ ಕನ್ಫ್ಯೂಷಿಯಸ್ ಬೇಕಾಗಿಲ್ಲ.

ಗೆರಿಶ್ ಎರಡು ವರ್ಷ ಇದ್ದು 1986ರಲ್ಲಿ ಹೊರಟರು. ಅವರು ಹೋದ ಮೇಲೆ ಕಾರ್ಖಾನೆ ಹಳೆಯ ಜಾಡಿಗೆ ಜಾರಿತು, ಮುಂದೆ ಮುಚ್ಚಿಯೂ ಹೋಯಿತು. ಅವರು 2003ರಲ್ಲಿ ತೀರಿಕೊಂಡರು. 2005ರಲ್ಲಿ ವುಹಾನ್ ನಗರ ಅವರ ಕಂಚಿನ ಪ್ರತಿಮೆ ನಿಲ್ಲಿಸಿತು. ಕಾರ್ಖಾನೆ ಇಲ್ಲ, ಪ್ರತಿಮೆ ಇದೆ.

ಇದು ಜರ್ಮನ್ ಶಿಸ್ತು, ಚೀನೀ ಸಡಿಲ ಅಂತ ನೀವು ಬರೆದುಕೊಳ್ಳುವ ಮೊದಲು ಕ್ವಿಂಗ್‌ಡಾವ್ ಕಡೆ ಒಮ್ಮೆ ನೋಡಿ. ಗೆರಿಶ್ ಬಂದ ಸಮಯಕ್ಕೇ ಅಲ್ಲಿನ ಒಂದು ಬಡಕಲು ಫ್ರಿಜ್ ಕಾರ್ಖಾನೆಗೆ ಝಾಂಗ್ ರುಯ್‌ಮಿನ್ ಮುಖ್ಯಸ್ಥರಾದರು. ಅವರು ತಂದ 13 ನಿಯಮಗಳಲ್ಲಿ ಒಂದು, ಕಾರ್ಖಾನೆಯ ಒಳಗೆ ಮಲಮೂತ್ರ ಮಾಡಬಾರದು ಅಂತ. ಅಲ್ಲಿಂದ ಶುರು ಮಾಡಬೇಕಿತ್ತು! 1985ರಲ್ಲಿ ದೋಷವಿದ್ದ 76 ಫ್ರಿಜ್‌ಗಳನ್ನು ಸಾಲಾಗಿ ನಿಲ್ಲಿಸಿ, ಅವನ್ನು ಮಾಡಿದವರ ಕೈಯಲ್ಲೇ ಸುತ್ತಿಗೆಯಿಂದ ಒಡೆಸಿದರು. ಒಂದು ಫ್ರಿಜ್‌ನ ಬೆಲೆ ಆಗ ಕಾರ್ಮಿಕನ ಸುಮಾರು ಎರಡು ವರ್ಷದ ಸಂಬಳ. ಆ ಕಾರ್ಖಾನೆಯೇ ಇಂದಿನ ಹೈಯರ್. ಝಾಂಗ್ ಅಪ್ಪಟ ಚೀನೀ, ಕಮ್ಯುನಿಸ್ಟ್ ಪಕ್ಷದ ಸದಸ್ಯ. ಬಿಳಿ ಕೈಗವಸು ತೊಡಲು ಜರ್ಮನ್ ಆಗಬೇಕಿರಲಿಲ್ಲ.

ಈಗ ನಿಜವಾದ ಅಮೆರಿಕನ್ ಕಂಪನಿಗೆ ಬರೋಣ. ಅಮೆರಿಕನ್ ಮೋಟರ್ಸ್ ಮತ್ತು ಬೀಜಿಂಗ್‌ನ ಸರ್ಕಾರಿ ವಾಹನ ಕಾರ್ಖಾನೆ 1983ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ‘ಬೀಜಿಂಗ್ ಜೀಪ್’ ಎಂಬ ಜಂಟಿ ಕಂಪನಿ ಮಾಡಿದವು. ಅಮೆರಿಕದ ಪಾಲು 31.35 ಶೇಕಡ. ಎರಡೂ ಕಡೆಯವರು ನಗುತ್ತಾ ಸಹಿ ಹಾಕಿದರು, ಆದರೆ ಇಬ್ಬರ ತಲೆಯಲ್ಲಿ ಇದ್ದದ್ದು ಬೇರೆ ಬೇರೆ ಗಾಡಿ. ಚೀನಾದವರಿಗೆ ಬೇಕಿದ್ದದ್ದು ಸೈನ್ಯಕ್ಕೆ ಒಪ್ಪುವ, ಬಟ್ಟೆಯ ಮೇಲ್ಛಾವಣಿಯ, ತಾವೇ ಕಲಿತು ಮಾಡಬಹುದಾದ ಹೊಸ ಜೀಪು. ಅಮೆರಿಕದವರಿಗೆ ಬೇಕಿದ್ದದ್ದು ತಮ್ಮಲ್ಲಿ ಸಿದ್ಧವಿದ್ದ ಚೆರೋಕಿ ಜೀಪಿನ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕಳಿಸಿ ಅಲ್ಲಿ ಜೋಡಿಸುವುದು. ಒಬ್ಬರು ‘ತಂತ್ರಜ್ಞಾನ’ ಅಂದರು, ಇನ್ನೊಬ್ಬರು ‘ನೂರು ಕೋಟಿ ಗಿರಾಕಿ’ ಅಂದರು. ಪೆಟ್ಟಿಗೆಗೆ ಡಾಲರ್ ಕೊಡಬೇಕು, ಗಾಡಿ ಮಾರಿದರೆ ಬರುವುದು ಯುವಾನ್. ವಿದೇಶಿ ವಿನಿಮಯ ಬಿಗಿಯಾದಾಗ 1986ರಲ್ಲಿ ಚೆರೋಕಿ ಜೋಡಣೆ ನಿಂತೇಹೋಯಿತು. ಅಮೆರಿಕದವರು ಪ್ರಧಾನಿ ಝಾವೊ ಝಿಯಾಂಗ್ ಅವರಿಗೇ ಪತ್ರ ಬರೆದರು. ಸರ್ಕಾರ ಡಾಲರ್ ಕೊಟ್ಟು ಕಂಪನಿಯನ್ನು ಉಳಿಸಿತು. ಮಾರುಕಟ್ಟೆಯನ್ನು ನಂಬಿ ಬಂದವರನ್ನು ಕಾಪಾಡಿದ್ದು ಸಮಾಜವಾದಿ ಸರ್ಕಾರದ ವಿಶೇಷ ಅನುಗ್ರಹ. ಗ್ವಾನ್‌ಶಿ ಅಂತ ಬೈಯುತ್ತಿದ್ದವರೇ ಅವತ್ತು ಗ್ವಾನ್‌ಶಿ ಹುಡುಕಿಕೊಂಡು ಹೋದರು.

ಸಂಬಳದ ವಿಷಯ ಇನ್ನೂ ಕಹಿ. ಆಗ ಬೀಜಿಂಗ್‌ನಲ್ಲಿ ಕಚೇರಿ ತೆರೆದ ವಿದೇಶಿ ಕಂಪನಿ ಸ್ಥಳೀಯರನ್ನು ನೇರವಾಗಿ ನೇಮಿಸಿಕೊಳ್ಳುವಂತಿರಲಿಲ್ಲ. ಸರ್ಕಾರದ ಸೇವಾ ಸಂಸ್ಥೆಯೊಂದು ಜನರನ್ನು ಒದಗಿಸುತ್ತಿತ್ತು. ಕಂಪನಿ ಕೊಡುವ ದೊಡ್ಡ ಮೊತ್ತ ಅದಕ್ಕೆ, ನೌಕರನ ಕೈಗೆ ಸಣ್ಣ ಪಾಲು. ವಿದೇಶಿಯರಿಗೆ ಇದು ಹಗಲು ದರೋಡೆ. ನಾನು ಪಾಠ ಮಾಡುವಾಗ ವಿದ್ಯಾರ್ಥಿಗಳೂ ಹಾಗೇ ಅನ್ನುತ್ತಾರೆ. ಒಂದು ನಿಮಿಷ ಆ ಕಡೆ ನಿಂತು ನೋಡಿ. ಆ ನೌಕರನ ಮನೆ, ಔಷಧಿ, ಓದು, ಮುಪ್ಪು ಎಲ್ಲದಕ್ಕೂ ಖರ್ಚು ಮಾಡುತ್ತಿರುವುದು ಸರ್ಕಾರ. ನೀವು ಬಂದು ಎಂಟು ಗಂಟೆಯ ದುಡಿಮೆಗೆ ಮಾತ್ರ ದುಡ್ಡು ಕೊಟ್ಟು ಹೋದರೆ ಉಳಿದದ್ದನ್ನು ಯಾರು ಕೊಡಬೇಕು? ಆ ವಾದದಲ್ಲಿ ಸತ್ಯ ಇತ್ತು. ಅದರ ನೆಪದಲ್ಲಿ ನೌಕರನ ಜೇಬಿಗೆ ಕೈ ಹಾಕಿದ್ದೂ ನಿಜ.

ಅಂಗಡಿಯ ಕೌಂಟರ್ ಇನ್ನೊಂದು ರಣರಂಗ. ಸರ್ಕಾರಿ ಅಂಗಡಿಯ ಮಾರಾಟಗಾರ್ತಿಯಿಂದ ಜನ ಜಾಸ್ತಿ ಕೇಳುತ್ತಿದ್ದ ಪದ ‘ಮೇಯೋ’, ಅಂದರೆ ‘ಇಲ್ಲ’. ಸಾಮಾನು ಹಿಂದಿನ ಕಪಾಟಿನಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಇಲ್ಲ. ‘ಗಿರಾಕಿಗಳನ್ನು ಹೊಡೆಯಬಾರದು, ಬೈಯಬಾರದು’ ಅಂತ ಗೋಡೆಯ ಮೇಲೆ ನಿಯಮ ಬರೆದು ಹಾಕುತ್ತಿದ್ದ ಕಾಲ. ಸಿಬ್ಬಂದಿಗೆ ಬರೆದು ಹೇಳಬೇಕಾಗಿತ್ತು ಅಂದರೆ ಪರಿಸ್ಥಿತಿ ಊಹಿಸಿಕೊಳ್ಳಿ. 1987ರ ನವೆಂಬರ್ 12ರಂದು ಬೀಜಿಂಗ್‌ನ ಚಿಯಾನ್‌ಮೆನ್‌ನಲ್ಲಿ ಮೂರು ಮಹಡಿಯ ಕೆಎಫ್‌ಸಿ ತೆರೆಯಿತು. ಜನ ಕೋಳಿಗಾಗಿ ಮಾತ್ರ ಸಾಲು ನಿಂತರು ಅಂತ ನಾನು ನಂಬುವುದಿಲ್ಲ. ನಗುವ ಹುಡುಗಿಯರು, ಶುಚಿಯಾದ ಶೌಚಾಲಯ, ಎಲ್ಲರಿಗೂ ಒಂದೇ ಸಾಲು. ಇದು ಅಲ್ಲಿನವರಿಗೆ ಹೊಸದು. ನಗು ಚೀನೀಯರಿಗೆ ಬರುತ್ತಿರಲಿಲ್ಲ ಅಂತಲ್ಲ. ಅದೇ ಬೀದಿಯಲ್ಲಿ ಸ್ವಂತ ಗಾಡಿ ಇಟ್ಟು ಬಾವೊಝ (ಹೂರಣ ತುಂಬಿ ಆವಿಯಲ್ಲಿ ಬೇಯಿಸಿದ ಬನ್ನು) ಮಾರುವವನು ಗಿರಾಕಿಯನ್ನು ಕೂಗಿ ಕರೆಯುತ್ತಿದ್ದ. ನಗದಿದ್ದದ್ದು ಸರ್ಕಾರಿ ಕೌಂಟರ್ ಮಾತ್ರ. ನಮ್ಮಲ್ಲೂ ಕೆಲವು ಕೌಂಟರುಗಳು ಹಾಗೇ ಇದ್ದವು, ಬಿಡಿ.

ಕೆಎಫ್‌ಸಿಯ ಜಾಹೀರಾತಿನ ಘೋಷಣೆ ತಪ್ಪಾಗಿ ಅನುವಾದವಾಗಿ ‘ಬೆರಳನ್ನೇ ತಿನ್ನಿ’ ಅಂತಾಯಿತು ಮುಂತಾದ ಕಥೆಗಳನ್ನು ಎಂಬಿಎ ಪುಸ್ತಕಗಳು ತಪ್ಪದೆ ಹೇಳುತ್ತವೆ. ಅಂಥವಕ್ಕೆ ನಾನು ಬೆಲೆ ಕೊಡುವುದಿಲ್ಲ. ಒಂದು ಬೋರ್ಡನ್ನು ಮರುದಿನವೇ ಬದಲಾಯಿಸಬಹುದು.

ಕಾಗದ ಮತ್ತು ಕರಾರಿನ ವಿಷಯ ಹಾಗಲ್ಲ. ಬೀಜಿಂಗ್‌ನ ವಾಂಗ್‌ಫುಜಿಂಗ್‌ನಲ್ಲಿ 1992ರ ಏಪ್ರಿಲ್‌ನಲ್ಲಿ ಮೆಕ್‌ಡೊನಾಲ್ಡ್ಸ್ 700 ಆಸನದ ಅಂಗಡಿ ತೆರೆಯಿತು. 20 ವರ್ಷದ ಗುತ್ತಿಗೆ. ಎರಡೇ ವರ್ಷಕ್ಕೆ ಜಾಗ ಖಾಲಿ ಮಾಡಿ ಅಂದರು. ಹಾಂಗ್‌ಕಾಂಗ್‌ನ ಉದ್ಯಮಿ ಲೀ ಕಾ-ಶಿಂಗ್ ಅಲ್ಲಿ ದೊಡ್ಡ ಸಂಕೀರ್ಣ ಕಟ್ಟುವವರಿದ್ದರು. ಸ್ವಲ್ಪ ಕಾಲ ಎಳೆದಾಡಿ, 1996ರ ಕೊನೆಗೆ ಕಟ್ಟಡ ತೆರವಾಯಿತು, ಮೆಕ್‌ಡೊನಾಲ್ಡ್ಸ್‌ಗೆ ಬೇರೆ ಜಾಗಗಳು ಸಿಕ್ಕವು. ಅಮೆರಿಕದವನಿಗೆ ಸಹಿ ಅಂದರೆ ಮಾತಿನ ಕೊನೆ. ಅಲ್ಲಿ ಅದು ಮಾತುಕತೆಯ ಶುರು.

ಡ್ಯಾನೋನ್ ಮತ್ತು ವಾಹಾಹಾ ಜಗಳದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಾಂಗ್‌ಝೌನಲ್ಲಿ ಝೋಂಗ್ ಚಿಂಗ್‌ಹೌ 1987ರಲ್ಲಿ ಶಾಲೆಗೆ ಸೇರಿದ ಒಂದು ಪುಟ್ಟ ಅಂಗಡಿ ವಹಿಸಿಕೊಂಡು ವಾಹಾಹಾ ಪಾನೀಯ ಕಂಪನಿ ಬೆಳೆಸಿದರು. ಫ್ರಾನ್ಸಿನ ಡ್ಯಾನೋನ್ 1996ರಲ್ಲಿ ಜಂಟಿಯಾಗಿ ಬಂತು, ಮುಂದೆ 51 ಶೇಕಡ ಪಾಲು ಅದರ ಕೈಗೆ ಬಂತು. ಆದರೆ ದಿನನಿತ್ಯದ ಆಡಳಿತ, ವಿತರಕರು, ಊರೂರಿನ ಅಂಗಡಿಕಾರರು ಎಲ್ಲ ಝೋಂಗ್ ಹಿಡಿತದಲ್ಲಿ. ಜಂಟಿ ಕಂಪನಿಯ ಹೊರಗೆ ಅವರೇ ಬೇರೆ ಕಂಪನಿಗಳನ್ನು ಮಾಡಿ ಅದೇ ಹೆಸರಿನಲ್ಲಿ ಮಾರುತ್ತಿದ್ದಾರೆ ಅಂತ 2007ರಲ್ಲಿ ಡ್ಯಾನೋನ್ ಕೋರ್ಟಿಗೆ ಹೋಯಿತು. ಝೋಂಗ್ ಅದನ್ನು ಕರಾರಿನ ಪ್ರಶ್ನೆಯಾಗಿ ಉಳಿಸಲೇ ಇಲ್ಲ. ವಿದೇಶಿಯರು ಚೀನಾದ ಬ್ರ್ಯಾಂಡ್ ಕಬಳಿಸುತ್ತಿದ್ದಾರೆ ಅಂದರು. ನೌಕರರು, ವಿತರಕರು ಅವರ ಬೆನ್ನಿಗೆ ನಿಂತರು. 2009ರ ಸೆಪ್ಟೆಂಬರ್ 30ರಂದು ಡ್ಯಾನೋನ್ ತನ್ನ ಪಾಲು ಮಾರಿ ಹೊರನಡೆಯಿತು. ನನ್ನ ಪ್ರಕಾರ ಕಾಗದದಲ್ಲಿ ಡ್ಯಾನೋನ್ ಕಡೆ ನ್ಯಾಯ ಜಾಸ್ತಿ ಇತ್ತು. ಆದರೆ ಹತ್ತು ವರ್ಷ ಲಾಭ ಎಣಿಸುತ್ತಾ ಕೂತು, ಕಾರ್ಖಾನೆಯ ಒಳಗೆ ತನ್ನವರನ್ನು ಇಡದೆ ಇದ್ದದ್ದು ಅದರದ್ದೇ ದಡ್ಡತನ.

ಇನ್ನು ಬಟ್ಟಲಿನ ಕಥೆಗೆ ಮರಳೋಣ. 1992ರ ಆರಂಭದಲ್ಲಿ ಚೀನಾದ ಹಿರಿಯ ನಾಯಕ ಡೆಂಗ್ ಶಿಯಾವೊಪಿಂಗ್ ದಕ್ಷಿಣದ ಊರುಗಳನ್ನು ಸುತ್ತಿ ಸುಧಾರಣೆಗೆ ಮತ್ತೆ ಗಾಳಿ ಹಾಕಿದರು. ಸರ್ಕಾರಿ ಕೆಲಸ ಬಿಟ್ಟು ವ್ಯಾಪಾರಕ್ಕೆ ಇಳಿಯುವವರ ಸಾಲು ಬೆಳೆಯಿತು. ಅದಕ್ಕೆ ಜನ ಬಳಸಿದ ಮಾತು ‘ಶ್ಯಾ ಹೈ’, ಸಮುದ್ರಕ್ಕೆ ಇಳಿಯುವುದು. ಅವರು ಇಷ್ಟಪಟ್ಟು ಇಳಿದವರು. ಇನ್ನು ಕೆಲವು ವರ್ಷಕ್ಕೆ ತಳ್ಳಿಸಿಕೊಂಡವರ ಸರದಿ ಬಂತು. ಪ್ರಧಾನಿ ಝು ರೋಂಗ್‌ಜಿ ಕಾಲದಲ್ಲಿ ನಷ್ಟದ ಸರ್ಕಾರಿ ಕಾರ್ಖಾನೆಗಳನ್ನು ಮುಚ್ಚುವ, ಮಾರುವ ಕೆಲಸ ಜೋರಾಯಿತು. 1998ರಿಂದ 2003ರೊಳಗೆ, ಸರ್ಕಾರದ ಲೆಕ್ಕದಲ್ಲೇ, ಸುಮಾರು 2.8 ಕೋಟಿ ಜನ ‘ಶ್ಯಾಗಾಂಗ್’ ಆದರು. ಅಂದರೆ ಹುದ್ದೆಯಿಂದ ಕೆಳಗಿಳಿದರು. ‘ವಜಾ’ ಅನ್ನುವ ಪದವನ್ನು ಬಳಸಲಿಲ್ಲ, ಗಮನಿಸಿ. ಶೆನ್‌ಯಾಂಗ್‌ನ ತಿಯೆಶಿ ಅಂಥ ಕಡೆ ಇಡೀ ಬಡಾವಣೆಗಳೇ ಕಾರ್ಖಾನೆಯ ಸೈರನ್ ಇಲ್ಲದೆ ಎದ್ದವು. ಇಷ್ಟು ದೊಡ್ಡ ಹೊಡೆತವನ್ನು ಯಾವ ಪಾಶ್ಚಾತ್ಯ ಕಂಪನಿಯೂ ಕೊಡಲಿಲ್ಲ. ಕೊಟ್ಟದ್ದು ಪಕ್ಷವೇ, ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಸೇರುವ ತಯಾರಿ ಒಂದು ಕಾರಣವಾಗಿ. 2001ರ ಡಿಸೆಂಬರ್‌ನಲ್ಲಿ ಸೇರಿಯೂ ಆಯಿತು. ಅದೇ ವರ್ಷ ಜುಲೈನಲ್ಲಿ ಪಕ್ಷದ ಮುಖ್ಯಸ್ಥ ಜಿಯಾಂಗ್ ಝೆಮಿನ್ ಖಾಸಗಿ ಉದ್ಯಮಿಗಳಿಗೂ ಪಕ್ಷದ ಬಾಗಿಲು ತೆರೆದರು.

ಇದರ ನಂತರ ತಿಕ್ಕಾಟ ತಿರುವುಮುರುವಾಗುತ್ತದೆ. ವಾಲ್‌ಮಾರ್ಟ್ ಯೂನಿಯನ್ ಅಂದರೆ ಮೈಮೇಲೆ ಹಾವು ಬಿದ್ದಂತೆ ಆಡುವ ಕಂಪನಿ. ಕೆನಡಾದ ಜೊಂಕ್ಯೆರ್ ಎಂಬಲ್ಲಿ ನೌಕರರು ಯೂನಿಯನ್ ಮಾಡಿಕೊಂಡ ಅಂಗಡಿಯನ್ನು 2005ರಲ್ಲಿ ಮುಚ್ಚಿಯೇ ಬಿಟ್ಟಿತು. ಚೀನಾಕ್ಕೆ 1996ರಲ್ಲೇ ಬಂದಿತ್ತು, ಅಲ್ಲೂ ಹತ್ತು ವರ್ಷ ಯೂನಿಯನ್ ಇಲ್ಲದೆ ನಡೆಸಿತು. ಸಮಾಜವಾದಿ ದೇಶದಲ್ಲಿ! 2006ರ ಜುಲೈ 29ರಂದು ಫುಜಿಯಾನ್ ಪ್ರಾಂತ್ಯದ ಜಿನ್‌ಜಿಯಾಂಗ್‌ನ ಅಂಗಡಿಯ 30 ನೌಕರರು ಸೇರಿ ಯೂನಿಯನ್ ಶಾಖೆ ಮಾಡಿದರು. ಸರ್ಕಾರಿ ಕಾರ್ಮಿಕ ಒಕ್ಕೂಟ ಹಿಂದೆ ನಿಂತಿತ್ತು. ಒಂದು ಊರಿನಿಂದ ಇನ್ನೊಂದು ಊರಿಗೆ ಹಬ್ಬಿತು. ಆಗಸ್ಟ್‌ನಲ್ಲಿ ವಾಲ್‌ಮಾರ್ಟ್ ತಲೆಬಾಗಿ, ಎಲ್ಲ ಅಂಗಡಿಗಳಲ್ಲೂ ಯೂನಿಯನ್‌ಗೆ ಒಪ್ಪಿತು.

ಚಪ್ಪಾಳೆ ತಟ್ಟುವ ಮೊದಲು ಮುಂದಿನದ್ದು ಕೇಳಿ. ಇಂಥ ಯೂನಿಯನ್‌ಗಳಲ್ಲಿ ಬಹಳ ಕಡೆ ಅಧ್ಯಕ್ಷಗಿರಿ ಮ್ಯಾನೇಜರುಗಳ ಕೈಗೇ ಹೋಯಿತು. ಹಬ್ಬಕ್ಕೆ ಸಿಹಿ ಹಂಚುವುದು, ಪ್ರವಾಸ ಏರ್ಪಡಿಸುವುದು ಅದರ ಕೆಲಸ. ಸಂಬಳದ ಜಗಳ ಅಲ್ಲ. 2014ರಲ್ಲಿ ಹುನಾನ್‌ನ ಚಾಂಗ್‌ಡೆಯಲ್ಲಿ ವಾಲ್‌ಮಾರ್ಟ್ ಅಂಗಡಿ ಮುಚ್ಚಿದಾಗ ಅಲ್ಲಿನ ಯೂನಿಯನ್ ಅಧ್ಯಕ್ಷ ನಿಜವಾಗಿಯೂ ನೌಕರರ ಪರ ಹೋರಾಟಕ್ಕೆ ಇಳಿದ. ಅದು ಸುದ್ದಿಯಾಯಿತು. ಯೂನಿಯನ್ ಅಧ್ಯಕ್ಷ ಯೂನಿಯನ್ ಕೆಲಸ ಮಾಡಿದ ಅನ್ನೋದೇ ಸುದ್ದಿ.

ಅದೇ ಫುಜಿಯಾನ್ ಪ್ರಾಂತ್ಯದ ಫುಯಾವೊ ಎಂಬ ಗಾಜಿನ ಕಂಪನಿ 2014ರಲ್ಲಿ ಅಮೆರಿಕದ ಒಹಾಯೊದಲ್ಲಿ, ಜನರಲ್ ಮೋಟರ್ಸ್ ಮುಚ್ಚಿದ್ದ ಹಳೆಯ ಕಾರ್ಖಾನೆ ಕೊಂಡಿತು. ಅಲ್ಲಿನ ಕಾರ್ಮಿಕರು ಯೂನಿಯನ್ ಬೇಕು ಅಂದಾಗ ಅದರ ಚೀನೀ ಮಾಲೀಕರು ಜೋರಾಗಿ ವಿರೋಧಿಸಿದರು. 2017ರ ನವೆಂಬರ್‌ನಲ್ಲಿ ಮತದಾನ ನಡೆದು 868ಕ್ಕೆ 444 ಮತಗಳಿಂದ ಯೂನಿಯನ್ ಸೋತಿತು. ಅಮೆರಿಕದ ಕಂಪನಿ ಚೀನಾದಲ್ಲಿ ಯೂನಿಯನ್ ಒಪ್ಪಿಕೊಂಡಿತು, ಚೀನಾದ ಕಂಪನಿ ಅಮೆರಿಕದಲ್ಲಿ ಯೂನಿಯನ್ ತಡೆಯಿತು. ನಿಮ್ಮ ಪುಸ್ತಕದ ‘ಪೂರ್ವದ ಸಾಮೂಹಿಕ ಮನಸ್ಸು, ಪಶ್ಚಿಮದ ವ್ಯಕ್ತಿವಾದ’ ಎಂಬ ಪಟ್ಟಿಯಲ್ಲಿ ಇದನ್ನು ಎಲ್ಲಿ ಇಡುತ್ತೀರಿ?

ಸ್ಟಾರ್‌ಬಕ್ಸ್ ಪ್ರಸಂಗವನ್ನು ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತು. ಬೀಜಿಂಗ್‌ನ ಹಳೆಯ ಅರಮನೆ, ಅಂದರೆ ನಿಷಿದ್ಧ ನಗರದ ಒಳಗೆ 2000ದಲ್ಲಿ ಒಂದು ಪುಟ್ಟ ಕಾಫಿ ಅಂಗಡಿ. 2007ರ ಜನವರಿಯಲ್ಲಿ ಸರ್ಕಾರಿ ಟಿವಿಯ ನಿರೂಪಕರೊಬ್ಬರು ಇದು ನಮ್ಮ ಸಂಸ್ಕೃತಿಗೆ ಅವಮಾನ ಅಂತ ಬ್ಲಾಗ್ ಬರೆದರು, ಜುಲೈನಲ್ಲಿ ಅಂಗಡಿ ಮುಚ್ಚಿತು. 2008ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಜ್ಯೋತಿಗೆ ಅಡ್ಡಿಯಾದಾಗ ಚೀನಾದಲ್ಲಿದ್ದ ಫ್ರೆಂಚ್ ಸೂಪರ್‌ಮಾರ್ಕೆಟ್ ಕಾರ್‌ಫೋರ್ ಮುಂದೆ ಬಹಿಷ್ಕಾರ. 2018ರಲ್ಲಿ ಚೀನೀಯರನ್ನು ಲೇವಡಿ ಮಾಡುತ್ತದೆ ಅನ್ನಿಸಿದ ಚಾಪ್‌ಸ್ಟಿಕ್ಸ್ ಜಾಹೀರಾತಿನಿಂದ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಆಂಡ್ ಗಬಾನಾದ ಶಾಂಘೈ ಪ್ರದರ್ಶನ ರದ್ದು. ಈ ಜಗಳಗಳಿಗೆ ಸಮಾಜವಾದಕ್ಕಿಂತ ದೇಶಾಭಿಮಾನ ಜಾಸ್ತಿ. ಬಂಡವಾಳ ಬೇಡ ಅಂತ ಯಾರೂ ಅನ್ನಲಿಲ್ಲ, ನಮ್ಮನ್ನು ಗೌರವಿಸಿ ಅಂದರು ಅಷ್ಟೆ.

ಹಾಗಾದರೆ ಗೆದ್ದವರು ಯಾರು ಅಂತ ಕೇಳಿದಿರಿ. ಅಂಗಡಿಗಳ ಲೆಕ್ಕ ನೋಡಿದರೆ ಚೀನಾ. 2016ರಲ್ಲಿ ಕೆಎಫ್‌ಸಿಯ ಚೀನಾ ವ್ಯವಹಾರ ಬೇರೆಯೇ ಕಂಪನಿಯಾಯಿತು. ಅಲ್ಲಿ ಬೆಳಗ್ಗೆ ಗಂಜಿ, ಉದ್ದನೆಯ ಕರಿದ ಹಿಟ್ಟಿನ ಯೂತ್ಯಾವೊ ಸಿಗುತ್ತದೆ. 2017ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಚೀನಾ ವ್ಯವಹಾರದಲ್ಲಿ ಸರ್ಕಾರಿ ಸಿಟಿಕ್ ಗುಂಪು ದೊಡ್ಡ ಪಾಲುದಾರನಾಯಿತು, ಕಂಪನಿಯ ಹೆಸರು ‘ಜಿನ್ ಗೋಂಗ್ ಮೆನ್’ ಅಂತಾಯಿತು. ಅಂದರೆ ಚಿನ್ನದ ಕಮಾನು ಬಾಗಿಲು. ಹೆಸರು ಕೇಳಿ ಅಲ್ಲಿನ ಜಾಲಿಗರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ದುಡಿಯುವವನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಚೀನಾದ ಕಾರ್ಮಿಕ ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ ಸರಾಸರಿ 44 ಗಂಟೆ ಅನ್ನುತ್ತದೆ. ಅಲ್ಲಿನ ಟೆಕ್ ಕಂಪನಿಗಳು ‘996’ ಮಾಡಿದವು. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ. 2019ರಲ್ಲಿ ಪ್ರೋಗ್ರಾಮರುಗಳು ಆನ್‌ಲೈನ್‌ನಲ್ಲಿ ದನಿ ಎತ್ತಿದಾಗ ಅಲಿಬಾಬಾ ಕಂಪನಿಯ ಸ್ಥಾಪಕ ಜ್ಯಾಕ್ ಮಾ ಅದನ್ನು ಭಾಗ್ಯ ಅಂದರು. ಜ್ಯಾಕ್ ಮಾ ಪಕ್ಷದ ಸದಸ್ಯ. 996 ಕಾನೂನುಬಾಹಿರ ಅಂತ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2021ರ ಆಗಸ್ಟ್‌ನಲ್ಲಿ. ಇದರ ನಡುವೆ, 2018ರಲ್ಲಿ, ಶೆನ್‌ಝೆನ್‌ನ ಜಾಸಿಕ್ ಎಂಬ ವೆಲ್ಡಿಂಗ್ ಯಂತ್ರದ ಕಾರ್ಖಾನೆಯಲ್ಲಿ ಕಾರ್ಮಿಕರು ತಮ್ಮದೇ ಯೂನಿಯನ್ ಮಾಡಲು ಹೊರಟರು. ಪೀಕಿಂಗ್ ವಿಶ್ವವಿದ್ಯಾಲಯ ಮುಂತಾದ ಕಡೆಯಿಂದ ಮಾರ್ಕ್ಸ್ ಓದಿದ ಹುಡುಗ ಹುಡುಗಿಯರು ಬೆಂಬಲಕ್ಕೆ ಬಂದರು. ಆಗಸ್ಟ್‌ನಲ್ಲಿ ಪೊಲೀಸರು ಸುಮಾರು ಐವತ್ತು ಜನರನ್ನು ಹಿಡಿದುಕೊಂಡು ಹೋದರು. ಆ ಕಾರ್ಖಾನೆ ಇದ್ದದ್ದು 4 ಫೆನ್ ಬೋನಸ್ ಕೊಟ್ಟ ಶೆಕೌ ಇರುವ ಊರಿನಲ್ಲೇ.

ಕಬ್ಬಿಣದ ಬಟ್ಟಲು ಕರಗಿ ಹೋಯಿತು ಅಂತ ಮಾತ್ರ ತಿಳಿಯಬೇಡಿ. ಚೀನಾದ ಕೇಂದ್ರ ಸರ್ಕಾರಿ ನೌಕರಿ ಪರೀಕ್ಷೆಗೆ ಅರ್ಹತೆ ಪಡೆದವರ ಸಂಖ್ಯೆ 2023ರಲ್ಲಿ 30 ಲಕ್ಷ ದಾಟಿತು. ತೊಂಬತ್ತರ ದಶಕದಲ್ಲಿ ಸಮುದ್ರಕ್ಕೆ ಇಳಿದವರ ಮಕ್ಕಳೂ ಅದರಲ್ಲಿದ್ದಾರೆ. ಪರೀಕ್ಷೆ ಪಾಸಾಗಿ ಕೆಲಸ ಸಿಕ್ಕರೆ ಈಗಿನ ಹುಡುಗರು ಅದನ್ನು ‘ಶಾಂಗ್ ಆನ್’ ಅನ್ನುತ್ತಾರೆ. ದಡ ಸೇರಿದೆ ಅಂತ.